ಚಕ್ರದ ಮನೆಯೂ ಕಲ್ಲಿನ ಊರೂ

ಕೂಡಿ ಪಯಣಿಸುವ ವರ್ತಕರ ಗುಂಪಿಗೆ ಸಂಸ್ಕೃತದಲ್ಲಿ ‘ಸಾರ್ಥ’ವೆಂದು ಹೆಸರು, ಅದರ ಮುಂದಾಳು ಸಾರ್ಥವಾಹ. ಪಾರಸಿಯವರು ಅಂಥ ಗುಂಪನ್ನು ‘ಕಾರವಾನ್’ ಎಂದರು. ನಮ್ಮ ನಾಡಿನಲ್ಲಿ ಲಂಬಾಣಿಗಳು ಉಪ್ಪನ್ನೂ ದವಸವನ್ನೂ ಎತ್ತುಗಳ ಮೇಲೆ ಹೇರಿಕೊಂಡು, ಹೆಂಡಿರು ಮಕ್ಕಳೊಡನೆ ಊರಿಂದೂರಿಗೆ ನಡೆಯುತ್ತಿದ್ದುದನ್ನು ಹಿರಿಯರಿಂದ ಕೇಳಿದ್ದೀರಿ. ಮನೆಯೂ ಮಾರುಕಟ್ಟೆಯೂ ಒಟ್ಟಿಗೆ ನಡೆಯುವುದು ಹೊಸ ಸಂಗತಿಯೇನಲ್ಲ. ಆ ಪಾರಸೀ ಮಾತು ಯುರೋಪಿಗೆ ಹೋಗಿ, ಕಾಲಕ್ರಮದಲ್ಲಿ ಚಕ್ರದ ಮೇಲಿನ ಮನೆಗೆ ಹೆಸರಾಯಿತು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವುದು ಕಾರವಾನು. ತಾನೇ ಓಡುವುದು ಮೋಟಾರು ಮನೆ. ಅದರೊಳಗೆ ಒಲೆಯುಂಟು, ನೀರಿನ ತೊಟ್ಟಿಯುಂಟು, ಹಗಲು ಕೂರಲು ರಾತ್ರಿ ಮಲಗಲು ಒಂದೇ ಹಲಗೆಯುಂಟು. ನಿಮ್ಮಲ್ಲಿ ಕೆಲವರ ಮಗನೋ ಮಗಳೋ ಇಂದು ಜರ್ಮನಿಯಲ್ಲೋ ಹಾಲೆಂಡಿನಲ್ಲೋ ನೌಕರಿಯಲ್ಲಿರಬಹುದು. ಬೇಸಗೆಯ ರಜೆಯಲ್ಲಿ ಇಂಥದೊಂದು ವಾಹನವನ್ನು ಬಾಡಿಗೆಗೆ ಹಿಡಿದು, “ಬನ್ನಿ ಅಮ್ಮ, ಸಮುದ್ರದ ದಡದಲ್ಲಿ ಹತ್ತು ದಿನ ಸುತ್ತಿ ಬರೋಣ” ಎಂದು ಕರೆಯಲೂಬಹುದು. ಆಗ ಎತ್ತ ಹೋಗುವುದು?

ನಕಾಶೆಯನ್ನು ಬಿಚ್ಚಿ ಇಟಲಿಯ ಪೂರ್ವಕ್ಕೆ ಬೆರಳಿಡಿ. ನಡುವೆ ಏಡ್ರಿಯಾಟಿಕ್ ಸಮುದ್ರ. ಅದರಾಚೆಯ ದಡ ದಾಲ್ಮೇಷಿಯಾ. 1991ರವರೆಗೆ ಯುಗೋಸ್ಲಾವಿಯಾಕ್ಕೆ ಸೇರಿದ್ದ ಈ ಕರಾವಳಿಯ ಬಹುಪಾಲು ಇಂದು ಕ್ರೊಯೇಷಿಯಾ ದೇಶದಲ್ಲಿದೆ. ಬಿಸಿಲಿಗೆ ಇಲ್ಲಿ ಬಡತನವಿಲ್ಲ. ಹ್ವಾರ್ ಎಂಬ ದ್ವೀಪದವರು ತಮ್ಮಲ್ಲಿ ವರ್ಷಕ್ಕೆ 2700 ಗಂಟೆಗಳ ಬಿಸಿಲುಂಟೆಂದು ಹೆಮ್ಮೆಪಡುತ್ತಾರೆ. ಒಂದು ಕಡೆ ಬೋಳು ಸುಣ್ಣಕಲ್ಲಿನ ಬೆಟ್ಟ, ಇನ್ನೊಂದು ಕಡೆ ನೀಲಿ ನೀರು. ಇವೆರಡರ ನಡುವೆ 600 ಕಿಲೋಮೀಟರಿಗೂ ಉದ್ದವಾದ ರಸ್ತೆ. ಎರಡನೆಯ ಮಹಾಯುದ್ಧದ ತರುವಾಯ ಕಟ್ಟತೊಡಗಿದ ಈ ಏಡ್ರಿಯಾಟಿಕ್ ಹೆದ್ದಾರಿ 1960ರ ದಶಕದ ನಡುವೆ ಮುಗಿಯಿತು. ಮೋಟಾರು ಮನೆಯವರು ಇಲ್ಲಿ ಅಂಜುವುದು ಮಳೆಗಲ್ಲ, ಗಾಳಿಗೆ. ಬೆಟ್ಟದಿಂದ ಸಮುದ್ರಕ್ಕೆ ಧುಮುಕುವ ‘ಬೂರಾ’ ಎಂಬ ಶೀತಲ ಗಾಳಿ ಬೀಸಿದಾಗ ಎತ್ತರದ ವಾಹನಗಳನ್ನು ರಸ್ತೆಯಲ್ಲಿ ಬಿಡುವುದಿಲ್ಲ. ಹಿಂದೆ ಹಡಗಿನವರು ಗಾಳಿ ನಿಲ್ಲಲೆಂದು ಕಾದಂತೆ ಇಂದು ಇವರೂ ಕಾಯಬೇಕು.

ಉತ್ತರದಿಂದ ಬರುವವರಿಗೆ ಮೊದಲು ಸಿಕ್ಕುವ ದೊಡ್ಡ ಊರು ಜಾದರ್. ಅಲ್ಲಿ ರೋಮನ್ನರ ಕಾಲದ ಚೌಕವೊಂದಿದೆ. ಅದರ ಕಲ್ಲುಗಳನ್ನೇ ತೆಗೆದು, ಅದರ ನೆಲದ ಮೇಲೆಯೇ 9ನೇ ಶತಮಾನದಲ್ಲಿ ಸಂತ ದೊನಾತನ ದುಂಡು ಗುಡಿಯನ್ನು ಕಟ್ಟಿದರು. ಆದರೆ ಈ ಊರಿನ ಹೆಸರು ಇತಿಹಾಸದಲ್ಲಿ ನಿಂತಿರುವುದು ಒಂದು ಅನ್ಯಾಯದಿಂದ. 1202ರಲ್ಲಿ ನಾಲ್ಕನೆಯ ಧರ್ಮಯುದ್ಧದ ಯೋಧರು ವೆನಿಸಿಗೆ ಬಂದು ಸೇರಿದರು. ಹಡಗುಗಳಿಗೆ ಕೊಡಬೇಕಾದ ಹಣ ಅವರಲ್ಲಿರಲಿಲ್ಲ. ವೆನಿಸಿನವರು ಹೇಳಿದರು: ನಮಗೆ ತಿರುಗಿಬಿದ್ದಿರುವ ಜಾದರನ್ನು ಗೆದ್ದುಕೊಡಿ, ಸಾಲದ ಮಾತನ್ನು ಆಮೇಲೆ ನೋಡೋಣ. ಪವಿತ್ರಭೂಮಿಗೆಂದು ಶಿಲುಬೆ ತೊಟ್ಟು ಹೊರಟವರು ತಮ್ಮದೇ ಮತದ ಊರೊಂದನ್ನು ಸೂರೆಮಾಡಿದರು. ಪೋಪ್ ಮೂರನೆಯ ಇನೊಸೆಂಟನು ಅವರಿಗೆ ಬಹಿಷ್ಕಾರ ಹಾಕಿದನು. ಹೋದ ಊರು ಅದರಿಂದ ಮರಳಲಿಲ್ಲ. ಮುಂದೆ 1943-44ರಲ್ಲಿ ವಿಮಾನಗಳ ಬಾಂಬು ದಾಳಿಗೆ ಸಿಕ್ಕಿ ಜಾದರ್ ಮತ್ತೊಮ್ಮೆ ನೆಲಕಚ್ಚಿತು. ಹಾಗೆ ಹಾಳಾದ ಸಮುದ್ರದ ಕಟ್ಟೆಯ ಮೇಲೆ 2005ರಲ್ಲಿ ನಿಕೊಲಾ ಬಾಶಿಚ್ ಎಂಬ ಶಿಲ್ಪಿ ಮೆಟ್ಟಿಲುಗಳನ್ನು ಕಟ್ಟಿ, ಅವುಗಳ ಅಡಿಯಲ್ಲಿ ಕೊಳವೆಗಳನ್ನು ಹೂತಿಟ್ಟನು. ಅಲೆ ಬಂದು ತಳ್ಳಿದಾಗ ಕೊಳವೆಯೊಳಗಿನ ಗಾಳಿ ಸ್ವರವಾಗಿ ಹೊರಡುತ್ತದೆ. ಸಂಜೆ ಊರಿನವರು ಆ ಮೆಟ್ಟಿಲ ಮೇಲೆ ಕುಳಿತು ಸಮುದ್ರದ ಸಂಗೀತವನ್ನು ಕೇಳುತ್ತಾರೆ.

ಅಲ್ಲಿಂದ ತೆಂಕಣಕ್ಕೆ ಶಿಬೆನಿಕ್. ಇಲ್ಲಿಯ ಸಂತ ಯಾಕೋಬನ ದೇವಾಲಯವನ್ನು 1431ರಲ್ಲಿ ತೊಡಗಿ 1535ರಲ್ಲಿ ಮುಗಿಸಿದರು. ನೂರು ವರ್ಷ ಮೀರಿದ ಕೆಲಸ. 1441ರಿಂದ ಇದನ್ನು ನಡೆಸಿದವನು ಯೂರಾಯ್ ದಾಲ್ಮಾತಿನಾತ್ಸ್ ಎಂಬ ಶಿಲ್ಪಿ. ಮೇಲ್ಛಾವಣಿಯೂ ಕಲ್ಲಿನದೇ, ಬಡಗಿ ಹಲಗೆಗಳನ್ನು ಗಾಡಿ ಕೊರೆದು ಜೋಡಿಸುವಂತೆ ಚಪ್ಪಡಿಗಳನ್ನು ಒಂದರೊಳಗೊಂದು ಸೇರಿಸಿದ್ದಾರೆ. ಹೊರಗೋಡೆಯ ಸುತ್ತ 71 ಮನುಷ್ಯ ಮುಖಗಳಿವೆ. ಅವು ದೇವತೆಗಳಲ್ಲ, ಸಂತರಲ್ಲ. ಮೀಸೆಯವನು, ಬೋಳುತಲೆಯವನು, ರುಮಾಲಿನವನು, ಸಿಡುಕನು, ಹೀಗೆ ಬೀದಿಯಲ್ಲಿ ಕಾಣುವ ಜನರೇ. ಇನ್ನೂ ಮುಂದೆ, ಸೇತುವೆಗಳಿಂದ ನೆಲಕ್ಕೆ ಅಂಟಿಕೊಂಡ ಪುಟ್ಟ ದ್ವೀಪದಲ್ಲಿ ತ್ರೋಗಿರ್ ಇದೆ. ಅದು ಕ್ರಿಸ್ತಪೂರ್ವದಲ್ಲಿ ಗ್ರೀಕರು ನೆಲೆಯೂರಿದ ಊರು. ಅಲ್ಲಿಯ ದೇವಾಲಯದ ಬಾಗಿಲವಾಡವನ್ನು ಕೆತ್ತಿದ ರಾದೊವಾನನು 1240 ಎಂಬ ಇಸವಿಯನ್ನೂ ತನ್ನ ಹೆಸರನ್ನೂ ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾನೆ. ಬೇಲೂರಿನ ರೂವಾರಿಗಳ ಹೆಸರನ್ನು ವಿಗ್ರಹದಡಿಯಲ್ಲಿ ಓದಿದ ನಮಗೆ ಆ ಹೆಮ್ಮೆ ಅರ್ಥವಾಗದ ಮಾತಲ್ಲ.

ಇನ್ನು ಸ್ಪ್ಲಿತ್. ನಮ್ಮ ಪಯಣದ ಮುಖ್ಯ ಪ್ರಶ್ನೆ ಎದ್ದುನಿಲ್ಲುವುದು ಇಲ್ಲಿ. ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ಈ ಸೀಮೆಯಲ್ಲೇ ಹುಟ್ಟಿದವನು. 305ರಲ್ಲಿ ತಾನಾಗಿ ಸಿಂಹಾಸನವನ್ನು ಬಿಟ್ಟು, ಇಲ್ಲಿ ಕಟ್ಟಿಸಿದ ಅರಮನೆಗೆ ಬಂದು ನೆಲಸಿದನು. ಮತ್ತೆ ಅಧಿಕಾರ ವಹಿಸಬೇಕೆಂದು ಕೇಳಬಂದವರಿಗೆ ಅವನು ತನ್ನ ಕೈಯಾರೆ ಬೆಳೆದ ತರಕಾರಿಯನ್ನು ಬಣ್ಣಿಸಿ ಹಿಂದಕ್ಕೆ ಕಳುಹಿಸಿದನೆಂದು ಹಳೆಯ ಬರಹಗಾರರು ಹೇಳುತ್ತಾರೆ. ಆದರೆ ಅವನು ಬರಿಯ ತೋಟಗಾರನಲ್ಲ. ಕ್ರೈಸ್ತರನ್ನು ಘೋರವಾಗಿ ಹಿಂಸಿಸಿದ ದೊರೆ. ಪಕ್ಕದ ಸಲೋನಾ ನಗರದ ಬಿಷಪ್ ದೊಮ್ನಿಯೂಸನು ಅವನ ಆಳಿಕೆಯಲ್ಲೇ ಕೊಲೆಯಾದನು. ಕಾಲ ಹೇಗೆ ತಿರುಗಿತು ನೋಡಿ. 7ನೇ ಶತಮಾನದ ಮೊದಲಲ್ಲಿ ಅವಾರರೂ ಸ್ಲಾವರೂ ಸಲೋನಾವನ್ನು ಹಾಳುಗೆಡವಿದಾಗ, ಬದುಕಿ ಉಳಿದವರು ಬರಿದಾಗಿದ್ದ ಈ ಅರಮನೆಯ ಗೋಡೆಗಳ ಮರೆಗೆ ಬಂದು ಸೇರಿದರು. ಪಡಸಾಲೆಗಳಲ್ಲಿ ಅಡ್ಡಗೋಡೆ ಎಬ್ಬಿಸಿ ಮನೆ ಮಾಡಿದರು. ಕಂಬಗಳ ನಡುವೆ ಅಂಗಡಿಯಿಟ್ಟರು. ಚಕ್ರವರ್ತಿಯ ಸಮಾಧಿಮಂದಿರವನ್ನು ದೇವಾಲಯವನ್ನಾಗಿ ಮಾಡಿ, ಅವನ ಕಾಲದಲ್ಲಿ ಮಡಿದ ಆ ದೊಮ್ನಿಯೂಸನ ಹೆಸರಿಟ್ಟರು. ಗುರುದೇವನ ಗುಡಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಮಂದಿರವಾಯಿತು.

ಅಂದಿನಿಂದ ಇಂದಿನವರೆಗೆ ಅಲ್ಲಿ ಜನವಾಸ ನಿಂತಿಲ್ಲ. ಈಜಿಪ್ಟಿನಿಂದ ತರಿಸಿದ ಸಿಂಹನಾರಿಯ ವಿಗ್ರಹದಿಂದ ಕೆಲವೇ ಹೆಜ್ಜೆಗಳಲ್ಲಿ ಹೆಂಗಸರು ಬಟ್ಟೆ ಒಣಹಾಕುತ್ತಾರೆ. 1979ರಲ್ಲಿ ಇದು ಲೋಕದ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಜನ ಒಳಗೆ ಸೇರಿದ್ದರಿಂದ ಅರಮನೆಯ ರೂಪ ಕೆಟ್ಟಿತೆಂದು ಹೇಳಬಹುದು. ಸೇರದೆ ಹೋಗಿದ್ದರೆ ಅದೂ ಸಲೋನಾದಂತೆ ಬಯಲಲ್ಲಿ ಚೆಲ್ಲಿದ ಕಲ್ಲಾಗುತ್ತಿತ್ತೆಂದೂ ಹೇಳಬಹುದು. ಇದೇ ಪಟ್ಟಿಗೆ 1986ರಲ್ಲಿ ನಮ್ಮ ಹಂಪೆ ಸೇರಿತು. ವಿರೂಪಾಕ್ಷನ ಗುಡಿಯ ಮುಂದಣ ಸಾಲುಮಂಟಪಗಳಲ್ಲಿ ಸಂಸಾರ ಹೂಡಿ ಅಂಗಡಿಯಿಟ್ಟಿದ್ದವರನ್ನು 2011ರಲ್ಲಿ ಎಬ್ಬಿಸಲಾಯಿತು. ಕಂಬಗಳಿಗೆ ಗಾರೆ ಮೆತ್ತಿ ಸ್ಮಾರಕವನ್ನು ಕೆಡಿಸಿದರೆಂಬುದು ಒಂದು ಪಕ್ಷದ ವಾದ. ಬಜಾರೆಂಬುದು ಜನರಿದ್ದರಲ್ಲವೆ ಬಜಾರು ಎಂಬುದು ಇನ್ನೊಂದು ಪಕ್ಷದ ವಾದ. ಎರಡು ಕಡೆಯ ಸ್ಥಿತಿ ಒಂದೇ ಅಲ್ಲ. ಸ್ಪ್ಲಿತ್‌ನಲ್ಲಿ ಸಾವಿರದ ಮುನ್ನೂರು ವರ್ಷ ಮೀರಿದ ಒಕ್ಕಲು. ಆದರೂ ಕಲ್ಲನ್ನು ಕಾಯುವುದು ಹೇಗೆ, ಕಲ್ಲಿನ ನೆರಳಲ್ಲಿ ಬದುಕುವವರನ್ನು ಕಾಯುವುದು ಹೇಗೆ ಎಂಬ ಪ್ರಶ್ನೆ ಎರಡು ಕಡೆಗೂ ಸಲ್ಲುತ್ತದೆ.

ಮೋಟಾರು ಮನೆ ಮುಂದೆ ಸಾಗಲಿ. ದುಬ್ರೋವ್ನಿಕ್ ತಲಪುವ ಮುನ್ನ ಕ್ರೊಯೇಷಿಯಾದ ನೆಲ ಒಂದೆಡೆ ತುಂಡಾಗುತ್ತದೆ. ನೇಉಮ್ ಎಂಬಲ್ಲಿ ಇಪ್ಪತ್ತು ಕಿಲೋಮೀಟರಿನಷ್ಟು ದಡ ಬೋಸ್ನಿಯಾಕ್ಕೆ ಸೇರಿದೆ. ಇದಕ್ಕೆ ಕಾರಣ 1699ರ ಕಾರ್ಲೊವಿಟ್ಸ್ ಒಪ್ಪಂದ. ವೆನಿಸಿನೊಡನೆ ಗಡಿ ತಾಗಿಕೊಂಡಿರುವುದಕ್ಕಿಂತ ತುರ್ಕಿ ಸುಲ್ತಾನನ ನೆಲ ನಡುವಿರುವುದೇ ಕ್ಷೇಮವೆಂದು ದುಬ್ರೋವ್ನಿಕ್ಕಿನವರು ಆ ತುಂಡನ್ನು ತುರ್ಕರಿಗೆ ಬಿಟ್ಟರು. ಆ ಜಾಣತನದ ಫಲವನ್ನು ಇಂದಿನವರು ಅನುಭವಿಸಿದರು: ತಮ್ಮ ದೇಶದಿಂದ ತಮ್ಮ ದೇಶಕ್ಕೇ ಹೋಗಲು ಎರಡು ಸಲ ಗಡಿಯಲ್ಲಿ ನಿಲ್ಲಬೇಕಾಯಿತು. 2022ರ ಜುಲೈ ತಿಂಗಳಲ್ಲಿ 2.4 ಕಿಲೋಮೀಟರ್ ಉದ್ದದ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಆ ತೊಡಕು ತಪ್ಪಿತು. ಸೇತುವೆ ದಾಟಿದರೆ ಸ್ತೋನ್. ಬೆಟ್ಟವನ್ನೇರಿ ಇಳಿಯುವ ಅದರ ಕೋಟೆಗೋಡೆ 5 ಕಿಲೋಮೀಟರಿಗೂ ಉದ್ದ. 14ನೇ ಶತಮಾನದಲ್ಲಿ ಆರಂಭವಾದ ಕಟ್ಟಡ. ಕಾದದ್ದು ಚಿನ್ನವನ್ನಲ್ಲ, ಉಪ್ಪಿನ ಗದ್ದೆಗಳನ್ನು. ಅಲ್ಲಿ ಇಂದಿಗೂ ಬಿಸಿಲಲ್ಲಿ ಉಪ್ಪು ಬೆಳೆಯುತ್ತಾರೆ.

ಕೊನೆಗೆ ದುಬ್ರೋವ್ನಿಕ್, ಹಳೆಯ ಹೆಸರು ರಗುಸಾ. ಸುತ್ತಲೂ 1940 ಮೀಟರಿನ ಕೋಟೆ. ಒಳಗೆ ಒಂದು ಪುಟ್ಟ ಗಣರಾಜ್ಯ. ಅದರ ಮುಖ್ಯಾಧಿಕಾರಿಯ ಅವಧಿ ಒಂದೇ ತಿಂಗಳು. ಅಧಿಕಾರದ ರುಚಿ ಹತ್ತುವ ಮೊದಲೇ ಇಳಿಯಬೇಕು. ಆಳುತ್ತಿದ್ದವರು ಸಿರಿವಂತ ಮನೆತನಗಳವರೇ ಎಂಬುದನ್ನು ಮರೆಯಬಾರದು. ಆದರೂ 1416ರಷ್ಟು ಹಿಂದೆಯೇ ಗುಲಾಮರ ವ್ಯಾಪಾರವನ್ನು ಕಟ್ಟಳೆಯಿಂದ ತಡೆದರು. ಸುಲ್ತಾನನಿಗೆ ವರ್ಷಕ್ಕೆ 12,500 ಡುಕಾಟು ಕಪ್ಪ ಕೊಟ್ಟು, ಅವನ ರಾಜ್ಯವೆಲ್ಲೆಲ್ಲ ವ್ಯಾಪಾರದ ಹಕ್ಕು ಪಡೆದರು. ಬೋಸ್ನಿಯಾದ ಬೆಟ್ಟಗಳನ್ನಿಳಿದು ಕುದುರೆಗಳ ಕಾರವಾನುಗಳು ಪೂರ್ವದ ಪ್ಲೊಚೆ ಬಾಗಿಲಿನ ಹೊರಗೆ ಬಂದು ನಿಲ್ಲುತ್ತಿದ್ದವು. ಕೂಡಲೇ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೆ ಕಾರಣವುಂಟು. ಮಹಾಮಾರಿ ಯುರೋಪನ್ನು ತಿಂದ ಕಾಲದಲ್ಲಿ, 1377ರಲ್ಲಿ, ಈ ಊರಿನವರು ಒಂದು ಕಟ್ಟಳೆ ಮಾಡಿದರು: ಸೋಂಕಿನ ಸೀಮೆಯಿಂದ ಬಂದವರು ಹೊರಗೆ ಗೊತ್ತುಮಾಡಿದ ಕಡೆ ಒಂದು ತಿಂಗಳು ಕಳೆದ ಮೇಲೆಯೇ ಊರಿನೊಳಗೆ ಕಾಲಿಡಬೇಕು. ಮುಂದೆ ಬೇರೆಡೆಗಳಲ್ಲಿ ಅದು ನಲವತ್ತು ದಿನವಾಯಿತು. ನಲವತ್ತೆಂಬ ಇಟಲಿಯ ಮಾತಿನಿಂದ ‘ಕ್ವಾರಂಟೈನ್’ ಹುಟ್ಟಿತು. 2020ರಲ್ಲಿ ನಮ್ಮ ಹಳ್ಳಿಗಳ ಮುದುಕಿಯರೂ ಕಲಿತ ಆ ಮಾತಿನ ಮೂಲ ಇಂಥ ಬಂದರುಗಳಲ್ಲಿದೆ. ಬಾಗಿಲ ಹೊರಗೆ 17ನೇ ಶತಮಾನದಲ್ಲಿ ಮುಗಿದ ತಂಗುಮನೆಗಳ ಸಾಲು ಇಂದಿಗೂ ನಿಂತಿದೆ.

1667ರ ಏಪ್ರಿಲ್ 6ರಂದು ಭೂಕಂಪ ಊರನ್ನು ಕೆಡವಿತು, ಮುಖ್ಯಾಧಿಕಾರಿಯೂ ಮಡಿದನು. ಉಳಿದವರು ಮತ್ತೆ ಕಟ್ಟಿದರು. 1806ರಲ್ಲಿ ನೆಪೋಲಿಯನ್ನನ ದಂಡು ಒಳಹೊಕ್ಕಿತು. 1808ರಲ್ಲಿ ಗಣರಾಜ್ಯ ಅಳಿಯಿತು. ಯುಗೋಸ್ಲಾವಿಯಾ ಒಡೆದಾಗ, 1991ರ ಅಕ್ಟೋಬರಿನಿಂದ ಮುತ್ತಿಗೆ. ಡಿಸೆಂಬರ್ 6ರಂದು ಹಳೆಯ ಊರಿನ ಮೇಲೆ ಗುಂಡಿನ ಮಳೆ. ಕೋಟೆಯ ಮೇಲೆ ನಿಂತು ಕೆಳಗೆ ನೋಡಿ: ಮಾಸಿದ ಹೆಂಚಿನ ನಡುವೆ ಹೊಸ ಕೆಂಪು ಹೆಂಚಿನ ಹರವು. ಎಷ್ಟು ಮಾಡು ಮುರಿದಿತ್ತೆಂಬುದನ್ನು ಆ ಬಣ್ಣವೇ ಹೇಳುತ್ತದೆ.

ಇಷ್ಟನ್ನೆಲ್ಲ ತಾಳಿದ ಊರು ಇಂದು ಬಂದ ಅತಿಥಿಗಳಿಂದಲೇ ಬಡವಾಗುತ್ತಿದೆ. 1991ರಲ್ಲಿ ಕೋಟೆಯೊಳಗೆ ಸುಮಾರು 5000 ಮಂದಿ ಒಕ್ಕಲಿದ್ದರು. ಇಂದು ಅದರ ಮೂರರಲ್ಲೊಂದು ಪಾಲೂ ಇಲ್ಲ. ಮನೆಗಳು ಬಾಡಿಗೆ ಕೋಣೆಗಳಾದವು. ದಿನಸಿಯ ಅಂಗಡಿಗಳು ನೆನಪಿನ ಕಾಣಿಕೆಗಳ ಅಂಗಡಿಗಳಾದವು. ಕೊನೆಗೆ ಊರಾಡಳಿತದವರು ದಿನಕ್ಕೆ ಇಂತಿಷ್ಟೇ ವಿಹಾರದ ಹಡಗುಗಳೆಂದು ಮಿತಿ ಹಾಕಬೇಕಾಯಿತು. ಭೂಕಂಪದ ತರುವಾಯ ಊರನ್ನು ಕಟ್ಟಿದವರು ಅಲ್ಲಿಯ ಒಕ್ಕಲು. ಒಕ್ಕಲೇ ಇಲ್ಲದ ಊರು ಇನ್ನೊಮ್ಮೆ ಬಿದ್ದರೆ ಎತ್ತುವವರು ಯಾರು?

ಆದ್ದರಿಂದ, ಹೋಗುವ ಭಾಗ್ಯ ನಿಮಗೆ ಬಂದಾಗ ನೆನಪಿಡಿ. ಆ ದೇಶದಲ್ಲಿ ಮೋಟಾರು ಮನೆಯನ್ನು ಕಂಡಕಂಡಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಗೊತ್ತುಮಾಡಿದ ಬಿಡಾರಗಳಲ್ಲೇ ತಂಗಬೇಕೆಂದು ಕಾನೂನಿದೆ. ಕೋಟೆಯೊಳಗೆ ಅದನ್ನು ಒಯ್ಯಲಾಗದು. ಹಿಂದಿನ ಕಾರವಾನಿನಂತೆ ಬಾಗಿಲ ಹೊರಗೆ ಬಿಟ್ಟು ಕಾಲ್ನಡಿಗೆಯಲ್ಲಿ ಒಳಗೆ ಹೋಗಿ. ನಟ್ಟನಡು ಬೇಸಗೆಯನ್ನು ಬಿಟ್ಟು ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಹೋಗಿ. ಬೆಳಗಿನ ಸಂತೆಯಲ್ಲಿ ಊರಿನವರ ಕೈಯಿಂದ ಸೊಪ್ಪನ್ನೂ ಅಂಜೂರವನ್ನೂ ಸ್ತೋನಿನ ಉಪ್ಪನ್ನೂ ಕೊಳ್ಳಿ. ನಿಮ್ಮ ಚಕ್ರದ ಮನೆಯಲ್ಲಿ ಒಲೆ ಹೇಗೂ ಇದೆ. ಬಟ್ಟೆ ಒಣಹಾಕಿದ ಓಣಿಯೊಳಗೆ ಕ್ಯಾಮರಾ ಹಿಡಿದು ನುಗ್ಗಬೇಡಿ. ಅದು ಒಬ್ಬರ ಹಿತ್ತಲು. ಹಂಪೆಗೆ ಹೋದಾಗಲೂ ಈ ಮಾತು ಸಲ್ಲುತ್ತದೆ.