ಹತ್ತಕ್ಕೆ ಹತ್ತರ ಕೋಣೆ, ಗೇಣಗಲದ ಸ್ಪೀಕರ್

ಪುಟ್ಟ ಕೋಣೆಗೆ ಎಂಥ ಸ್ಪೀಕರ್ ತರಬೇಕು? ಹಾಡು ಕೇಳುವ ಹುಚ್ಚು ಹತ್ತಿದವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ. "ದುಡ್ಡಿದ್ದಷ್ಟೂ ದೊಡ್ಡದು ತಗೊಳ್ಳಿ" ಅನ್ನೋದು ಎಲ್ಲರ ಬಾಯಲ್ಲೂ ಸಿಗುವ ಸಲಹೆ. ಆದರೆ ಸ್ಪೀಕರಿನ ಇತಿಹಾಸ ಬೇರೆಯದೇ ಕತೆ ಹೇಳುತ್ತೆ. ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ...

1940ರ ದಶಕದಲ್ಲಿ ಒಳ್ಳೆಯ ಬೇಸ್ ಬೇಕೆಂದರೆ ದೊಡ್ಡ ಪೆಟ್ಟಿಗೆಯೇ ಆಗಬೇಕಿತ್ತು. ಅಮೆರಿಕದ ಪಾಲ್ ಕ್ಲಿಪ್ಷ್ 1946ರಿಂದ ಮಾರಿದ ಕ್ಲಿಪ್ಷ್‌ಹಾರ್ನ್ ನಾಲ್ಕಡಿಗಿಂತ ಎತ್ತರ. ಅದನ್ನು ಮೂಲೆಗೇ ಒತ್ತಿ ಇಡಬೇಕು, ಯಾಕೆಂದರೆ ಎರಡು ಗೋಡೆಗಳೇ ಅದರ ಕಹಳೆಯ ಮುಂದುವರಿಕೆ. ಒಂದು ಲೆಕ್ಕಕ್ಕೆ ಮನೆಯವರೇ ಸ್ಪೀಕರಿನೊಳಗೆ ವಾಸ ಮಾಡ್ತಿದ್ದರು ಅನ್ನಿ!

1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಅವರ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿದರು. ವಿಲ್ಚರ್ ಅವರ ಉಪಾಯ ಸರಳ. ಕೋನಿನ ಬಿಗಿ ಹಿಡಿತ ಸಡಿಲಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರು. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಂದಕ್ಕೆ ತಳ್ಳತೊಡಗಿತು. ಶೆಲ್ಫಿನಲ್ಲಿ ಕೂರುವ ಪೆಟ್ಟಿಗೆಯಿಂದ ಆಳವಾದ ಬೇಸ್ ಬಂತು! 1958ರಲ್ಲಿ ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದಾಗ ಒಂದರ ಜಾಗದಲ್ಲಿ ಎರಡು ಸ್ಪೀಕರ್ ಬೇಕಾದವು. ಸಣ್ಣ ಪೆಟ್ಟಿಗೆಯ ಬೆಲೆ ಆಗ ಜನಕ್ಕೆ ಗೊತ್ತಾಯ್ತು.

ಪುಕ್ಕಟೆ ಏನೂ ಸಿಗಲ್ಲ ಅಲ್ವಾ? ಈ ಸ್ಪೀಕರಿಗೆ ಹೆಚ್ಚು ವ್ಯಾಟಿನ ಆಂಪ್ಲಿಫೈಯರ್ ಬೇಕಿತ್ತು. ಹೆನ್ರಿ ಕ್ಲಾಸ್ ಜೊತೆ 1957ರಲ್ಲಿ ಕೆಎಲ್‌ಎಚ್ ಕಂಪನಿ ಶುರುಮಾಡಿದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ: ಆಳದ ಬೇಸ್, ಸಣ್ಣ ಪೆಟ್ಟಿಗೆ, ಕಡಿಮೆ ವ್ಯಾಟಿನಲ್ಲಿ ಜೋರು ದನಿ. ಈ ಮೂರರಲ್ಲಿ ಎರಡು ಆರಿಸಿಕೊಳ್ಳಬಹುದು, ಮೂರನೆಯದು ಕೈಬಿಡಲೇಬೇಕು.

ಏನನ್ನು ಬಿಡಬೇಕು ಅಂತ ಸರಿಯಾಗಿ ಲೆಕ್ಕ ಹಾಕಿದವರು ಬ್ರಿಟನ್ನಿನ ಬಿಬಿಸಿ ಎಂಜಿನಿಯರುಗಳು. ಸ್ಟುಡಿಯೋಗಳ ಎಂಟನೇ ಒಂದರಷ್ಟು ಮಾದರಿ ಮಾಡಿ ದನಿ ಪರೀಕ್ಷಿಸಲು ಅವರಿಗೊಂದು ಪುಟಾಣಿ ಸ್ಪೀಕರ್ ಬೇಕಿತ್ತು. ಅದು ಎಷ್ಟು ಚೆನ್ನಾಗಿತ್ತೆಂದರೆ, ಅದರಿಂದಲೇ 1970ರ ದಶಕದಲ್ಲಿ ಎಲ್‌ಎಸ್ 3/5ಎ ಹುಟ್ಟಿತು. ಹೊರಾಂಗಣ ಪ್ರಸಾರದ ವ್ಯಾನಿನಂಥ ಇಕ್ಕಟ್ಟಿನಲ್ಲಿ, ಹೆಡ್‌ಫೋನ್ ಸಾಲದ ಕಡೆ ಕೂತು ಕೇಳಲು ಮಾಡಿದ್ದು. ಅಲ್ಲಿ ಕಿವಿ ಮೋಸಹೋದರೆ ತಪ್ಪು ದನಿ ದೇಶದ ಮನೆಮನೆಗೂ ಹೋಗುತ್ತೆ. ಹಾಗಾಗಿ ಮಾತಿನ ದನಿ ಸಹಜವಾಗಿರಲೇಬೇಕು ಅಂತ ಹಟ ಹಿಡಿದರು. ಕೆಇಎಫ್ ಕಂಪನಿಯ ಎರಡು ಡ್ರೈವರು, ಸುಮಾರು 30 ಸೆಂ.ಮೀ. ಎತ್ತರ, 19 ಸೆಂ.ಮೀ. ಅಗಲದ ಮುಚ್ಚಿದ ಪೆಟ್ಟಿಗೆ. ಆಳದ ಬೇಸೂ ಬಿಟ್ಟರು, ಅಬ್ಬರವನ್ನೂ ಬಿಟ್ಟರು! ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದವರು ಬಿಬಿಸಿ ಪರವಾನಗಿ ಪಡೆದು ಇದನ್ನು ಮಾರಿದರು.

ಇನ್ನು ನಮ್ಮ ಕೋಣೆಗೆ ಬರೋಣ. ದನಿ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತೆ. ಹತ್ತಡಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹೋಗಿಬರಲು ಇಪ್ಪತ್ತಡಿ. ಭಾಗಿಸಿದರೆ ಸುಮಾರು 56 ಹರ್ಟ್ಸ್. ಆ ಸ್ವರ ಬಂದಾಗ ಕೋಣೆಯೇ ತಂಬಿಗೆಯ ಹಾಗೆ ಗುಂಯ್‌ಗುಡುತ್ತೆ. ಉದ್ದವೂ ಹತ್ತು, ಅಗಲವೂ ಹತ್ತು ಆದರೆ ಎರಡೂ ಒಂದೇ ಸ್ವರದಲ್ಲಿ ಸೇರಿಕೊಳ್ಳುತ್ತವೆ. ಛಾವಣಿಯೂ ಹತ್ತಡಿ ಇದ್ದರಂತೂ ಮುಗಿದೇ ಹೋಯ್ತು! ದೊಡ್ಡ ಸ್ಪೀಕರ್ ಈ ಗುಂಯ್‌ಗೆ ಚೆನ್ನಾಗಿ ಮೇವು ಹಾಕುತ್ತೆ. ಎಲ್‌ಎಸ್ 3/5ಎ ಥರದ್ದು ಅಲ್ಲಿಗೆ ಬರುವಷ್ಟರಲ್ಲಿ ದನಿ ಇಳಿಸಿಬಿಟ್ಟಿರುತ್ತೆ. ಅದು ಬಿಟ್ಟುಕೊಟ್ಟದ್ದೇ ನಮಗೆ ಲಾಭ.

ಹಾಗಂತ ಅದನ್ನೇ ಕೊಳ್ಳಿ ಅಂತಲ್ಲ, ಅದು ತುಟ್ಟಿ. ಕೋಣೆ ಚಿಕ್ಕದಿದ್ದರೆ ಐದು-ಆರು ಇಂಚಿನ ಕೋನು, ಮುಚ್ಚಿದ ಪೆಟ್ಟಿಗೆ ಇರುವುದನ್ನು ಮೊದಲು ಕೇಳಿ ನೋಡಿ. ಮೂಲೆಗೆ ತುರುಕದೆ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಒಂದೆರಡು ಅಡಿ ಈಚೆಗಿಡಿ. ಅಂಗಡಿಗೆ ಹೋದಾಗ ಡಿಶುಂ ಡಿಶುಂ ಸಿನಿಮಾ ಹಾಕಿಸಬೇಡಿ, ನಿಮಗೆ ಚೆನ್ನಾಗಿ ಪರಿಚಯವಿರುವ ಗಾಯಕರ ದನಿ ಹಾಕಿಸಿ. ಬಿಬಿಸಿಯವರ ಪರೀಕ್ಷೆಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಅಂದ ಹಾಗೆ, ನಿಮ್ಮ ಕೋಣೆಯ ಅಳತೆ ಎಷ್ಟು? ಟೇಪು ಹಿಡಿದು ನೋಡಿ, ಆಮೇಲೆ ಅಂಗಡಿಗೆ ಹೊರಡಿ.