ನೆಂಟರಿಂದ ಮಾತು ತೆಗೆದುಕೊಂಡ ದಿವಾನರು

ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು. ನಮ್ಮ ಸಂಘದಲ್ಲಿ ಎಂಜಿನಿಯರುಗಳೇ ಹೆಚ್ಚಾದ್ದರಿಂದ ಅದು ಸಹಜವೂ ಹೌದು. ಕನ್ನಂಬಾಡಿ ಕಟ್ಟೆಯ ಕಥೆ ಮಕ್ಕಳಿಗೂ ಗೊತ್ತು. ಆದರೆ 1906ರಲ್ಲಿ ಅವರು ನಮ್ಮ ಈ ಅರಬ್ ನೆಲಕ್ಕೂ ಬಂದಿದ್ದರೆಂಬುದು ಹಲವರಿಗೆ ತಿಳಿದಿರಲಾರದು. ಆಗ ಮುಂಬಯಿ ಸರ್ಕಾರದ ಆಡಳಿತದಲ್ಲಿದ್ದ ಏಡನ್ ಬಂದರಿಗೆ ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆ ಸಿದ್ಧಪಡಿಸಲು ಬಂದಿದ್ದರು.

ನಾನು ಹೇಳಹೊರಟಿದ್ದು ಬೇರೆ. ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಕೊಡಗಿನವರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದ ಹಣ, ಇವುಗಳಿಂದಲೇ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್. ಬಂಧುಗಳ ಋಣ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1912ರಲ್ಲಿ ಮೈಸೂರಿನ ದಿವಾನಗಿರಿ ಒಪ್ಪಿಕೊಳ್ಳುವ ಮೊದಲು ಅವರು ತಾಯಿಯನ್ನೂ ಹತ್ತಿರದ ನೆಂಟರನ್ನೂ ಮನೆಗೆ ಕರೆಸಿದರಂತೆ. "ನಮ್ಮವರಿಗೊಂದು ಕೆಲಸ ಕೊಡಿಸು" ಎಂದು ಯಾರೂ ಬರಬಾರದು, ಹಾಗೆಂದು ಮಾತು ಕೊಟ್ಟರೆ ಮಾತ್ರ ಒಪ್ಪುತ್ತೇನೆ ಎಂದರಂತೆ. ಊರಿಂದ "ಒಂದು ವೀಸಾ ಮಾಡಿಸಪ್ಪಾ" ಎಂಬ ಫೋನು ಬಂದಾಗ ನಮ್ಮ ಬಾಯಲ್ಲಿ ಮಾತೇ ಹೊರಡುವುದಿಲ್ಲ. ಹೆತ್ತ ತಾಯಿಯ ಎದುರು ಅವರು ಅದನ್ನು ಹೇಗೆ ಹೇಳಿದರೋ!

ಮೈಸೂರು ಬ್ಯಾಂಕು (1913), ನಮ್ಮಂಥ ಸಂಘಗಳಿಗೆಲ್ಲ ಹಿರಿಯಣ್ಣನಾದ ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916), ಎಲ್ಲ ಹುಟ್ಟಿದ್ದು ಆ ಆರು ವರ್ಷಗಳಲ್ಲಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆ ಬಂದಾಗ ಯೋಗ್ಯತೆಯೊಂದೇ ಅಳತೆಯಾಗಬೇಕೆಂದು ಅವರು ಹಟ ಹಿಡಿದರು. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ನೆಂಟರಿಗೆ ಬಾಗಿಲು ಮುಚ್ಚಿದ್ದು ದೊಡ್ಡತನ, ನಿಜ. ಆದರೆ ಎಂದೂ ಬಾಗಿಲೇ ತೆರೆಯದವರ ಪಾಡು ಬೇರೆ. ಅಲ್ಲಿ ಮಹಾರಾಜರದೇ ಸರಿ ಎಂದು ನನ್ನ ಎಣಿಕೆ. ನಮ್ಮ ಹಿರಿಯ ಸದಸ್ಯರು ಕೆಲವರು ಒಪ್ಪಲಿಕ್ಕಿಲ್ಲ, ಮುಂದಿನ ಸಂಚಿಕೆಗೆ ಬರೆಯಲಿ.

ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದಾಗ ತಮಗೆ ಸಲ್ಲಬೇಕಾಗಿದ್ದ ಸಂಬಳವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆಂದು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಅದಕ್ಕೆ ಇಟ್ಟದ್ದು ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನು.