ಅಂಬಲಿಯ ಮಡಕೆ, ಬರ್ಲಿನ್ನಿನ ಪೀಪಾಯಿ

“ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅಂಬಲಿ ಬಡವರ ಪಾನೀಯವೆಂಬ ತಾತ್ಸಾರ ಆ ನಗುವಿನಲ್ಲಿದೆ. ಆದರೆ ಅದರ ಚರಿತ್ರೆ ತಾತ್ಸಾರಕ್ಕೆ ತಕ್ಕದ್ದಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ವರ್ಷವಿಡೀ ಹರಿಯುವ ನದಿಯಿಲ್ಲದೆ ಮಳೆ ಮತ್ತು ಕೆರೆಗಳನ್ನೇ ನಂಬಿದ ಸೀಮೆ. ಇಲ್ಲಿ ರಾಗಿಯೇ ಆಸರೆ. ರಾತ್ರಿ ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ಮಡಕೆಯಲ್ಲಿಟ್ಟರೆ ಬೆಳಗಿಗೆ ಹುಳಿ ಬಂದಿರುತ್ತದೆ. ಅದನ್ನು ಗಂಟಾಗದಂತೆ ಕೈಯಾಡಿಸುತ್ತಾ ಕಾಯಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದರೆ ಅಂಬಲಿ ಸಿದ್ಧ. ಬಿಸಿಲಲ್ಲಿ ದುಡಿಯುವವರಿಗೆ ಅದೇ ಊಟ, ಅದೇ ತಂಪು.

ದೂರದ ಜರ್ಮನಿಯ ಬರ್ಲಿನ್ ನಗರದಲ್ಲೂ ಇಂಥದೇ ಹುಳಿಯ ಕಥೆಯಿದೆ. ಗೋಧಿ ಮತ್ತು ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿರಸದಿಂದ ಅಲ್ಲಿನವರು ‘ಬರ್ಲಿನರ್ ವೈಸೆ’ ಎಂಬ ಹುಳಿ ಬಿಯರ್ ತಯಾರಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಆ ರಸವನ್ನು ಕುದಿಸುತ್ತಿರಲಿಲ್ಲ. ಹೀಗಾಗಿ ಧಾನ್ಯದಲ್ಲಿದ್ದ ಜೀವಾಣುಗಳು ಉಳಿದು ಹುಳಿ ತರುತ್ತಿದ್ದವು. ಯೀಸ್ಟ್ ಸುಮಾರು ಶೇ. 3ರಷ್ಟು ಮದ್ಯಸಾರ ತರುತ್ತಿತ್ತು. ನಮ್ಮ ಅಂಬಲಿಯನ್ನಾದರೋ ಕಾಯಿಸಿದೊಡನೆ ಹುಳಿಯುವುದು ನಿಲ್ಲುತ್ತದೆ. ಅದು ಅಮಲೇರಿಸುವ ಪಾನೀಯವಲ್ಲ. ಇದೇ ರಾಗಿಗೆ ನೇಪಾಳ, ಸಿಕ್ಕಿಂಗಳಲ್ಲಿ ಯೀಸ್ಟ್ ಇರುವ ಉಂಡೆಯನ್ನು ಪುಡಿಮಾಡಿ ಬೆರೆಸಿ ಮದ್ಯ ತಯಾರಿಸುತ್ತಾರೆ. ಧಾನ್ಯ ಒಂದೇ, ದಾರಿ ಬೇರೆ.

ಈ ಹುಳಿಗೆ ಜೀವಾಣುಗಳೇ ಕಾರಣವೆಂದು 1857ರಲ್ಲಿ ಲೂಯಿ ಪಾಶ್ಚರ್ ತೋರಿಸಿದರು. ಮುಂದೆ ಅಂಥ ಒಂದು ಜೀವಾಣುವಿಗೆ ಬರ್ಲಿನ್ನಿನ ಬಿಯರ್ ವಿಜ್ಞಾನಿ ಮ್ಯಾಕ್ಸ್ ಡೆಲ್ಬ್ರುಕ್ ಅವರ ಹೆಸರನ್ನೇ ಇಡಲಾಯಿತು: ಲ್ಯಾಕ್ಟೋಬ್ಯಾಸಿಲಸ್ ಡೆಲ್ಬ್ರುಕಿ. ಅದರ ಒಂದು ಉಪಜಾತಿಯನ್ನು ಇಂದಿಗೂ ಮೊಸರು ತಯಾರಿಕೆಯಲ್ಲಿ ಬಳಸುತ್ತಾರೆ.

ಆದರೆ ಬೇಸಿಗೆಯಲ್ಲಿ ಹುಳಿ ಬೇಗ ಬರುತ್ತದೆ, ಚಳಿಯಲ್ಲಿ ತಡವಾಗುತ್ತದೆ ಎಂದರಿತು, ಮೂಸಿ ನೋಡಿಯೇ ಹದ ಹೇಳುತ್ತಿದ್ದ ನಮ್ಮ ಅಜ್ಜಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಶುಭಸಂದೇಶದ ಹುಳಿಹಿಟ್ಟಿನ ಸಾಮತಿಯಲ್ಲೂ ಹಿಟ್ಟಿಗೆ ಹುಳಿ ಬೆರೆಸಿದ ಆ ಹೆಂಗಸಿಗೆ ಹೆಸರಿಲ್ಲ. ಆದರೂ ಸ್ವರ್ಗಸಾಮ್ರಾಜ್ಯವನ್ನು ತಿಳಿಸಲು ಪ್ರಭು ಯೇಸು ಆಕೆಯ ಕೆಲಸವನ್ನೇ ಆರಿಸಿಕೊಂಡರು.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ರಾಗಿ ಈಗ ಅಂದದ ಪೊಟ್ಟಣಗಳಲ್ಲಿ ಅಂಗಡಿ ಸೇರಿದೆ. ಹುಳಿಯ ಹದ ಮಾತ್ರ ಪೊಟ್ಟಣದಲ್ಲಿ ಬರುವುದಿಲ್ಲ. ಪ್ರಿಯ ಓದುಗರೇ, ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ ಮಕ್ಕಳನ್ನು ಅಜ್ಜಿಯ ಬಳಿ ಕೂರಿಸಿ. ಎಷ್ಟು ಹಿಟ್ಟು, ಎಷ್ಟು ನೀರು, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಳ್ಳಲಿ. ಆ ಹಾಳೆಯ ಮೇಲೆ ಅಜ್ಜಿಯ ಹೆಸರನ್ನೂ ಬರೆಯಲಿ.